ಕಾಕನಕೋಟೆ: ಖೆಡ್ಡಾದಿಂದ ಸಫಾರಿಯವರೆಗೆ

ಮೈಸೂರಿನಿಂದ ಹೆಗ್ಗಡದೇವನಕೋಟೆ, ಅಂತರಸಂತೆ ದಾಟಿ ಮಾನಂದವಾಡಿಯತ್ತ ಸಾಗುವ ರಸ್ತೆಯಲ್ಲಿ ಕಾರಾಪುರ ಎಂಬ ಹಳ್ಳಿ ಸಿಗುತ್ತದೆ. ಅದರಾಚೆಗೆ ಕಾಕನಕೋಟೆಯ ಕಾಡು. ಮಾಸ್ತಿಯವರ ನಾಟಕ ಮತ್ತು 1977ರಲ್ಲಿ ತೆರೆಕಂಡ ಚಲನಚಿತ್ರದಿಂದ ಈ ಹೆಸರು ಕನ್ನಡಿಗರಿಗೆಲ್ಲ ಪರಿಚಿತ. ಇಂದು ದೇಶವಿದೇಶಗಳ ಪ್ರವಾಸಿಗರು ಇಲ್ಲಿಗೆ ಬರುವುದು ಕಬಿನಿ ಹಿನ್ನೀರಿನ ಆನೆ ಮತ್ತು ಹುಲಿಗಳನ್ನು ನೋಡಲು. ಇದನ್ನು ಪರಿಸರ ಪ್ರವಾಸೋದ್ಯಮ ಎನ್ನುತ್ತಾರೆ. ಹೆಸರು ಹೊಸದು. ಆದರೆ ಹೊರಗಿನವರು ಈ ಕಾಡನ್ನು ನೋಡಲು ಬರುವ ಪದ್ಧತಿಗೆ ಶತಮಾನಕ್ಕೂ ಮಿಕ್ಕ ಇತಿಹಾಸವಿದೆ.

ಮೈಸೂರು ಸಂಸ್ಥಾನದ ನೀರಾವರಿ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಜಿ. ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ 1870ರ ದಶಕದಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ನಡೆಸಿ ಆನೆಗಳ ಹಿಂಡನ್ನೇ ಸೆರೆಹಿಡಿದ. 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಒಂದು ಕುತೂಹಲಕರ ಸಂಗತಿಯನ್ನು ದಾಖಲಿಸಿದ್ದಾನೆ. ಅವನಿಗಿಂತ ಸುಮಾರು ನೂರು ವರ್ಷ ಮೊದಲೇ ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಡಿಯಲು ಯತ್ನಿಸಿ ವಿಫಲನಾಗಿದ್ದನಂತೆ. ಈ ಕೆಲಸ ಯಾರಿಂದಲೂ ಆಗದು, ಯತ್ನಿಸುವವರಿಗೆ ಶಾಪ ತಟ್ಟಲಿ ಎಂದು ಕಲ್ಲಿನ ಮೇಲೆ ಬರೆಸಿದ್ದನಂತೆ. ಶಾಪದ ಮಾತು ಹಾಗಿರಲಿ. ಈ ಕಾಡಿನ ಆನೆಗಳ ಮೇಲೆ ಅರಸರ ಕಣ್ಣು ಎಷ್ಟು ಹಿಂದಿನಿಂದ ಇತ್ತು ಎಂಬುದಕ್ಕೆ ಇದು ಸಾಕ್ಷಿ.

ಮುಂದಿನ ದಶಕಗಳಲ್ಲಿ ಕಾಕನಕೋಟೆಯೇ ಖೆಡ್ಡಾದ ಮುಖ್ಯ ನೆಲೆಯಾಯಿತು. ಆನೆಗಳ ಹಿಂಡನ್ನು ಕಾಡಿನಿಂದ ಅಟ್ಟಿ ತಂದು, ಕಬಿನಿ ಹೊಳೆಗೆ ಇಳಿಸಿ, ದಾಟಿಸಿ, ಮರದ ದಿಮ್ಮಿಗಳ ಆವರಣಕ್ಕೆ ನೂಕುವ ದೃಶ್ಯವನ್ನು ನೋಡಲು ಬ್ರಿಟಿಷ್ ರಾಜಕುಮಾರರು, ವೈಸ್‌ರಾಯ್‌ಗಳು ಬರುತ್ತಿದ್ದರು. ಮಹಾರಾಜರು ಅತಿಥಿಗಳಿಗೆ ತೋರಿಸುತ್ತಿದ್ದ ಈ ವೈಭವವನ್ನು ಆ ಕಾಲದ ಪ್ರವಾಸೋದ್ಯಮ ಎಂದರೆ ತಪ್ಪಾಗಲಾರದು. ಆದರೆ ಕೆಲಸ ಮಾಡಿದವರು ಯಾರು? ಆನೆಯ ಜಾಡು ಅರಿತವರು, ತಮಟೆ ಬಾರಿಸಿ ಹಿಂಡನ್ನು ಅಟ್ಟಿದವರು ಜೇನುಕುರುಬರು ಮತ್ತು ಕಾಡುಕುರುಬರು. ಪಳಗಿದ ಆನೆಗಳ ಮೇಲೆ ಕುಳಿತು ಕಾಡಾನೆಗೆ ಹಗ್ಗ ಬಿಗಿದ ಮಾವುತರಲ್ಲಿ ಕುರುಬರೊಂದಿಗೆ ಮುಸ್ಲಿಮ್ ಮನೆತನದವರೂ ಇದ್ದರು. ಚಿತ್ರಗಳಲ್ಲಿ ಅತಿಥಿಗಳ ಹೆಸರು ಉಳಿಯಿತು. ಇವರ ಹೆಸರು ಉಳಿಯಲಿಲ್ಲ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂತು. 1974ರ ಹೊತ್ತಿಗೆ ಕಬಿನಿ ಅಣೆಕಟ್ಟು ಪೂರ್ಣಗೊಂಡಿತು. ಖೆಡ್ಡಾ ನಡೆಯುತ್ತಿದ್ದ ನದಿ ಬಯಲು, ಅನೇಕ ಹಳ್ಳಿಗಳು, ಹಾಡಿಗಳು ನೀರಿನಡಿ ಸೇರಿದವು. ವಿಚಿತ್ರವೆಂದರೆ, ಊರುಗಳನ್ನು ನುಂಗಿದ ಆ ನೀರೇ ಮುಂದೆ ಪ್ರವಾಸಿಗರನ್ನು ಕರೆತಂದಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಂಚಿನಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡು ಒಣಗಿರುವಾಗ ಬಂಡೀಪುರ, ನಾಗರಹೊಳೆಗಳ ಆನೆಗಳು ಅದನ್ನರಸಿ ಹಿಂಡುಹಿಂಡಾಗಿ ಇಲ್ಲಿ ಸೇರುತ್ತವೆ.

1980ರಲ್ಲಿ ರಾಜ್ಯ ಸರಕಾರ ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯ ಸಹಭಾಗಿತ್ವದಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಸ್ಥಾಪಿಸಿತು. ಕಾರಾಪುರದಲ್ಲಿ ಮಹಾರಾಜರ ಕಾಲದ ಬೇಟೆ ಬಂಗಲೆಯೇ ಅತಿಥಿಗೃಹವಾಯಿತು. ಕೋವಿಯ ಜಾಗಕ್ಕೆ ಕ್ಯಾಮೆರಾ ಬಂತು. ಇದು ಒಳ್ಳೆಯ ಬದಲಾವಣೆ ಎಂಬುದರಲ್ಲಿ ಸಂದೇಹವಿಲ್ಲ. ಜೀವಂತ ಆನೆಗೆ ಬೆಲೆಯಿದೆ ಎಂಬುದನ್ನು ಅದು ಸರಕಾರಕ್ಕೂ ಜನರಿಗೂ ತೋರಿಸಿಕೊಟ್ಟಿತು.

ಆದರೆ ಅದೇ ಕಾಲದಲ್ಲಿ ಕಾಡಿನ ನಿವಾಸಿಗಳು ಹೊರಗಾಗುತ್ತಿದ್ದರು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದಂತೆ ಬೇಸಾಯ, ಜೇನು, ಗೆಡ್ಡೆಗೆಣಸು ಎಲ್ಲವೂ ಅಪರಾಧಗಳಾದವು. ಇದರ ವೈರುಧ್ಯ ಬಯಲಾದದ್ದು 1990ರ ದಶಕದಲ್ಲಿ. ಸರಕಾರ ಉದ್ಯಾನದೊಳಗಿನ ಮುರ್ಕಲ್‌ನ ಕಟ್ಟಡಗಳನ್ನು ತಾಜ್ ಸಮೂಹದ ಹೋಟೆಲ್ ಕಂಪೆನಿಗೆ ಗುತ್ತಿಗೆಗೆ ಕೊಟ್ಟಿತು. ಆದಿವಾಸಿಗೆ ಗುಡಿಸಲು ಕಟ್ಟಲು ಅನುಮತಿಯಿಲ್ಲದ ಕಾಡಿನಲ್ಲಿ ಐಷಾರಾಮಿ ಹೋಟೆಲ್ಲೇ? ಹಾಡಿಯ ಜನ ಚಳವಳಿ ಹೂಡಿದರು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿನ ಮೆಟ್ಟಿಲೇರಿತು. ಈ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದು 1997ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಓದುಬರಹ ಬಲ್ಲವರು ವಿರಳವಾಗಿದ್ದ ಸಮುದಾಯವೊಂದು ಕಾನೂನಿನ ಬಲದಿಂದ ಕಾಡನ್ನು ಉಳಿಸಿದ ಅಪರೂಪದ ಪ್ರಸಂಗವಿದು.

ಗೆದ್ದವರಿಗೆ ಸಿಕ್ಕಿದ್ದೇನು? 1999ರಿಂದ ಅನೇಕ ಕುಟುಂಬಗಳನ್ನು ಹುಣಸೂರು ಬಳಿಯ ನಾಗಾಪುರಕ್ಕೆ ಸ್ಥಳಾಂತರಿಸಲಾಯಿತು. ಹೈಕೋರ್ಟ್ ನೇಮಿಸಿದ್ದ, ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮುಜಫ್ಫರ್ ಅಸ್ಸಾದಿಯವರ ನೇತೃತ್ವದ ಸಮಿತಿ 2014ರಲ್ಲಿ ವರದಿ ನೀಡಿ, ನಾಗರಹೊಳೆಯಿಂದ ಹೊರಗಾದ 3,418 ಕುಟುಂಬಗಳನ್ನು ಗುರುತಿಸಿತು. 2006ರ ಅರಣ್ಯ ಹಕ್ಕು ಕಾಯ್ದೆ ಆದಿವಾಸಿಗಳಿಗೆ ಆದದ್ದು ಐತಿಹಾಸಿಕ ಅನ್ಯಾಯವೆಂದು ಒಪ್ಪಿಕೊಂಡಿದೆ. ಆದರೂ 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ಕರಡಿಕಲ್ಲಿನ ತಮ್ಮ ಹಳೆಯ ನೆಲಕ್ಕೆ ಮರಳಿ ಗುಡಿಸಲು ಹಾಕಿದಾಗ ಅರಣ್ಯ ಇಲಾಖೆ ತಡೆಯೊಡ್ಡಿತು.

ಪ್ರವಾಸೋದ್ಯಮದ ಹೊರೆ ಕಾಡಂಚಿನ ರೈತನ ಮೇಲೂ ಇದೆ ಎಂಬ ದೂರು ಬಲವಾಗಿದೆ. 2012ರಲ್ಲಿ ಸುಪ್ರೀಂ ಕೋರ್ಟ್ ಹುಲಿ ಕಾಡಿನ ನಡುಭಾಗದಲ್ಲಿ ಪ್ರವಾಸವನ್ನು ಕೆಲಕಾಲ ನಿಲ್ಲಿಸಿ, ಹೊಸ ಮಾರ್ಗಸೂಚಿಯೊಡನೆ ಮತ್ತೆ ಅನುಮತಿಸಿತು. 2025ರ ನವೆಂಬರಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ, ಸಫಾರಿಯ ಗದ್ದಲವೇ ಪ್ರಾಣಿಗಳನ್ನು ಹೊಲಗಳತ್ತ ಅಟ್ಟುತ್ತಿದೆ ಎಂದು ರೈತರು ಆರೋಪಿಸಿದರು. ಸರಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಬೇಕಾಯಿತು.

ಪ್ರವಾಸಿಗರು ಕಾಡಿಗೆ ಬರಬಾರದೆಂದು ಯಾರೂ ಹೇಳುತ್ತಿಲ್ಲ. ಕಾಡನ್ನು ಕಂಡವನಿಗಲ್ಲವೇ ಅದನ್ನು ಉಳಿಸುವ ಮನಸ್ಸು ಬರುವುದು! ಆದರೆ ಅತಿಥಿ ಬರುವ ಮನೆಗೆ ಯಜಮಾನನೂ ಇರಬೇಕು. ಖೆಡ್ಡಾದ ದಿನಗಳಲ್ಲಿ ತಮಟೆ ಬಾರಿಸಿದವನ ಮೊಮ್ಮಗ ಇಂದು ರೆಸಾರ್ಟಿನ ತೋಟಕ್ಕೆ ನೀರು ಹಾಯಿಸುವ ಕೂಲಿಯಾಗಿ ಉಳಿದರೆ, ನೂರೈವತ್ತು ವರ್ಷಗಳಲ್ಲಿ ಬದಲಾದದ್ದು ಅತಿಥಿಗಳು ಮಾತ್ರ. ಸಫಾರಿಯ ಆದಾಯದಲ್ಲಿ ಹಾಡಿಗೆ ಎಷ್ಟು ಪಾಲು, ಅದನ್ನು ಎಲ್ಲಿ, ಹೇಗೆ ನಡೆಸಬೇಕೆಂಬ ತೀರ್ಮಾನದಲ್ಲಿ ಗ್ರಾಮಸಭೆಗೆ ಎಷ್ಟು ಅಧಿಕಾರ? ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ದಿನ ಅದನ್ನು ಪರಿಸರ ಪ್ರವಾಸೋದ್ಯಮ ಎಂದು ಕರೆಯಬಹುದು.