ಮೊಣಕಾಲೆತ್ತರದ ಕಾಡು: ಒಣ ಎಲೆಯುದುರು ಅರಣ್ಯದ ಎಳೆಗಿಡಗಳು, ಬೆಂಕಿ ಮತ್ತು ಬದಲಾಗುತ್ತಿರುವ ಮಳೆ

ಬೇಸಿಗೆಯ ಬೆಂಕಿ ಹಾದುಹೋದ ಮೇಲೆ ಬಂಡೀಪುರವನ್ನು ನೋಡಿದವರು ಕಾಡು ಮುಗಿಯಿತೆಂದೇ ಬಗೆಯುತ್ತಾರೆ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ಇಳಿಜಾರುಗಳು ಕರಕಲಾದಾಗ ನಾಡೇ ಹಾಗೆ ಮರುಗಿತು. ಅಂಥ ಕಾಡನ್ನೇ ನಾಲ್ಕು ಮಳೆ ಬಿದ್ದ ಮೇಲೆ ನೋಡಿದವರು ಏನೂ ಆಗಿಲ್ಲವೆನ್ನುತ್ತಾರೆ: ಮತ್ತಿ, ದಿಂಡಿಗ, ತೇಗ ಎಲ್ಲವೂ ಚಿಗುರಿರುತ್ತವೆ, ನೆಲ ಹಸಿರಾಗಿರುತ್ತದೆ. ಇಬ್ಬರ ಕಣ್ಣೂ ನೆಟ್ಟಿರುವುದು ದೊಡ್ಡ ಮರಗಳ ಮೇಲೆ. ಬಲಿತ ಮತ್ತಿಮರ ಒಂದು ನೆಲಬೆಂಕಿಗೆ ಸಾಯುವುದು ಅಪರೂಪ. ಆದರೆ ಅದು ಉಳಿದಿದೆ ಎಂದ ಮಾತ್ರಕ್ಕೆ ಕಾಡು ಉಳಿದಿದೆ ಎನ್ನಲು ಬರುವುದಿಲ್ಲ. ಆ ಮರದ ಜಾಗಕ್ಕೆ ನಾಳೆ ಬರಬೇಕಾದದ್ದು ಇವತ್ತು ಮೊಣಕಾಲೆತ್ತರದಲ್ಲಿದೆಯೇ, ಇದ್ದರೆ ಎಷ್ಟು ವರ್ಷಗಳಿಂದ ಆ ಎತ್ತರದಲ್ಲೇ ನಿಂತಿದೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ಒಣ ಎಲೆಯುದುರು ಕಾಡಿನ ಎಳೆಗಿಡಕ್ಕೆ ಮಲೆನಾಡಿನ ನಿತ್ಯಹರಿದ್ವರ್ಣದ ಸಸಿಗಿಲ್ಲದ ಒಂದು ಅಭ್ಯಾಸವಿದೆ. ಮಳೆಗಾಲದಲ್ಲಿ ಗೇಣುದ್ದ ಕುಡಿ ಬಿಡುತ್ತದೆ. ಬೇಸಿಗೆಯಲ್ಲಿ ಆ ಕುಡಿ ಒಣಗಿಯೋ ಸುಟ್ಟೋ ಸಾಯುತ್ತದೆ. ಮುಂದಿನ ಮಳೆಗೆ ಬುಡದಿಂದ ಮತ್ತೆ ಏಳುತ್ತದೆ. ಹೀಗೆ ವರ್ಷಗಟ್ಟಲೆ ನಡೆಯುತ್ತದೆ. ಮೇಲೆ ನೋಡಿದರೆ ನಾಲ್ಕಾರು ಎಲೆಯ ಹೋದ ವರ್ಷದ ಸಸಿ. ಬುಡದ ಮಣ್ಣು ಬಿಡಿಸಿದರೆ ಬೇರೆಯೇ ಕಥೆ: ಹೆಬ್ಬೆರಳು ದಪ್ಪದ ಬೇರು, ಅದರ ಕತ್ತಿನಲ್ಲಿ ಗಂಟುಗಂಟಾದ ಊತ, ಊತದ ಮೇಲೆ ಹಿಂದೆ ಸತ್ತ ಕುಡಿಗಳ ಕಪ್ಪು ಮೊಟಕುಗಳು ಒಂದರ ಪಕ್ಕ ಒಂದು. ಗಿಡದ ವಯಸ್ಸು ಇರುವುದು ಆ ಬೇರಿನಲ್ಲಿ, ಕುಡಿಯಲ್ಲಲ್ಲ. ಮೇಲಿನ ಎತ್ತರ ಅಳೆದು ಇದು ಎಳೆಯ ಸಸಿ ಎಂದು ಬರೆದುಕೊಂಡ ಪಟ್ಟಿಯಲ್ಲಿ ಹತ್ತು ವರ್ಷದ ಗಿಡವೂ ಹತ್ತು ತಿಂಗಳಿನ ಗಿಡವೂ ಒಂದೇ ಸಾಲಿಗೆ ಬೀಳುತ್ತವೆ.

ಅರಣ್ಯ ಇಲಾಖೆಯ ನರ್ಸರಿಗಳಿಗೆ ಇದು ಹೊಸ ಸಂಗತಿಯಲ್ಲ. ತೇಗವನ್ನು ನೆಡುವ ಕ್ರಮವೇ ಇದರ ಮೇಲೆ ನಿಂತಿದೆ. ಮಡಿಯಲ್ಲಿ ಬೆಳೆದ ಸಸಿಯನ್ನು ಕಿತ್ತು, ಕಾಂಡವನ್ನು ಒಂದು ಅಂಗುಲ ಮಾತ್ರ ಉಳಿಸಿ ಕತ್ತರಿಸಿ, ಪಕ್ಕದ ಬೇರುಗಳನ್ನು ಸವರಿ, ತಾಯಿಬೇರನ್ನು ಸುಮಾರು ಗೇಣುದ್ದಕ್ಕೆ ಮೊಟಕುಗೊಳಿಸಿದರೆ ಸ್ಟಂಪ್ ಆಯಿತು. ಮೊದಲ ಮಳೆಗೆ ಹಾರೆಯಿಂದ ತೂತು ಹೊಡೆದು ಇಳಿಸಿ ಮಣ್ಣು ಗಟ್ಟಿ ಮಾಡಿದರೆ ಸಾಕು, ಎಲೆಯೇ ಇಲ್ಲದ ಆ ಕಡ್ಡಿ ಚಿಗುರುತ್ತದೆ. ತೇಗ, ಸಾಲ ಮೊದಲಾದ ಮರಗಳ ಸಸಿಗಳು ಹೀಗೆ ಕುಡಿ ಕಳೆದುಕೊಂಡು ಬೇರಿನಲ್ಲಿ ಬದುಕುವುದನ್ನು ಭಾರತದ ಮರಗಳ ಬಗ್ಗೆ 1921ರಲ್ಲಿ ಪ್ರಕಟವಾದ ಟ್ರೂಪ್ ಅವರ ಗ್ರಂಥವೂ ವಿವರವಾಗಿ ದಾಖಲಿಸಿದೆ. ಈ ತಿಳಿವಳಿಕೆ ನೆಡುತೋಪಿಗೆ ಬಳಕೆಯಾದಷ್ಟು ಸಹಜ ಕಾಡಿನ ಎಣಿಕೆಗೆ ಬಳಕೆಯಾಗಲಿಲ್ಲ ಎಂಬುದೇ ನನ್ನ ಕೊರಗು.

ಬೇರು ಉಳಿಯುವುದಕ್ಕೂ ಕುಡಿ ಸಾಯುವುದಕ್ಕೂ ಕಾರಣ ಸರಳ ಭೌತಶಾಸ್ತ್ರ. ತೊಗಟೆಯ ಒಳಗಿನ ಜೀವಂತ ಪದರ ಸುಮಾರು 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಯುತ್ತದೆ. ಶಾಖ ಅಲ್ಲಿಗೆ ತಲುಪಲು ಬೇಕಾದ ಹೊತ್ತು ತೊಗಟೆಯ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ, ಅಂದರೆ ತೊಗಟೆ ಎರಡರಷ್ಟು ದಪ್ಪವಾದರೆ ರಕ್ಷಣೆ ನಾಲ್ಕರಷ್ಟಾಗುತ್ತದೆ. ಬೆರಳು ಗಾತ್ರದ ಕಾಂಡಕ್ಕೆ ಇರುವ ತೊಗಟೆ ಒಂದೆರಡು ಮಿಲಿಮೀಟರ್. ನೆಲಬೆಂಕಿಯ ಜ್ವಾಲೆ ಒಂದು ಜಾಗದಲ್ಲಿ ನಿಲ್ಲುವ ಅಷ್ಟೇ ಹೊತ್ತು ಅದಕ್ಕೆ ಸಾಕು. ಮಣ್ಣೋ ಒಳ್ಳೆಯ ಶಾಖನಿರೋಧಕ. ತರಗೆಲೆ, ಹುಲ್ಲು ಉರಿದಾಗ ಕೆಲವೇ ಸೆಂಟಿಮೀಟರ್ ಆಳದಲ್ಲಿ ಬಿಸಿ ಹೆಚ್ಚೇನೂ ಏರುವುದಿಲ್ಲ. ಆದ್ದರಿಂದ ಬೇರಿನ ಕತ್ತಿನ ಮೊಗ್ಗುಗಳು ಉಳಿಯುತ್ತವೆ. ಗಿಡ ಮರವಾಗಬೇಕಾದರೆ ಎರಡು ಬೆಂಕಿಗಳ ನಡುವೆ ಅದರ ತುದಿ ಜ್ವಾಲೆಗಿಂತ ಮೇಲೇರಬೇಕು, ಕಾಂಡದ ತೊಗಟೆ ಸಾಕಷ್ಟು ದಪ್ಪವಾಗಬೇಕು. ಅದಕ್ಕೆ ಒಂದು ಮಳೆಗಾಲ ಸಾಲದು. ಸಾಲಾಗಿ ಹಲವು ಒಳ್ಳೆಯ ಮಳೆಗಾಲಗಳು ಬೇಕು. ಈ ಬಿಡುವು ಸಿಗದಿದ್ದರೆ ಬೇರು ದಪ್ಪವಾಗುತ್ತಲೇ ಇರುತ್ತದೆ, ಗಿಡ ಮಾತ್ರ ಮೇಲೇಳುವುದಿಲ್ಲ. ಕೊನೆಗೊಂದು ಬರದಲ್ಲಿ, ಕೂಡಿಟ್ಟ ಪಿಷ್ಟ ಮುಗಿದು, ಬೇರೂ ಸಾಯುತ್ತದೆ.

ಬಿಡುವು ಎಷ್ಟು ಸಿಗುತ್ತಿದೆ? ಇದಕ್ಕೆ ಉತ್ತರ ಹುಡುಕಲು ನಮ್ಮ ಗಡಿಯಾಚೆ ಮುದುಮಲೆಯಲ್ಲಿ ಒಂದು ಅಪೂರ್ವ ದಾಖಲೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್, ಎಚ್.ಎಸ್. ಸುರೇಶ್, ಎಚ್.ಎಸ್. ದತ್ತರಾಜ ಮತ್ತು ಸಂಗಡಿಗರು 1988ರಲ್ಲಿ ಅಲ್ಲಿ 50 ಹೆಕ್ಟೇರಿನ ಒಂದು ತುಣುಕನ್ನು ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪದ ಪ್ರತಿಯೊಂದು ಕಾಂಡಕ್ಕೂ ಸಂಖ್ಯೆಯ ತಗಡು ಕಟ್ಟಿದರು. ಅಂದಿನಿಂದ ವರ್ಷವರ್ಷವೂ ಯಾವುದು ಸತ್ತಿತು, ಯಾವುದು ಹೊಸದಾಗಿ ಆ ಗಾತ್ರಕ್ಕೆ ಬಂತು ಎಂಬ ಲೆಕ್ಕ ನಡೆದಿದೆ. ಒಂದೇ ಮರವನ್ನು ದಶಕಗಳ ಕಾಲ ಬಿಡದೆ ಹೋಗಿ ನೋಡುವ ಈ ತಾಳ್ಮೆಗೆ ನಾವು ಕೊಟ್ಟಿರುವ ಬೆಲೆ ಕಡಿಮೆ. ಅಲ್ಲಿ ಕಂಡದ್ದೇನೆಂದರೆ, ದೊಡ್ಡ ಮರಗಳ ಸಾವು ಕಡಿಮೆ, ಹತ್ತು ಸೆಂಟಿಮೀಟರಿಗಿಂತ ಸಣ್ಣ ಕಾಂಡಗಳ ಸಾವು ಬಹಳ ಹೆಚ್ಚು. ಸಣ್ಣವನ್ನು ಕೊಂದವು ಮುಖ್ಯವಾಗಿ ಬೆಂಕಿ ಮತ್ತು ಆನೆ. ಕಿಡಿಯಾ ಕ್ಯಾಲಿಸಿನಾ ಎಂಬ ಮೆದುಮರವನ್ನು ಆನೆಗಳು ಮುರಿದು ತಿಂದು, ಒಂದು ಕಾಲಕ್ಕೆ ಸಾವಿರಾರು ಇದ್ದದ್ದು ತೀರ ಕುಗ್ಗಿಹೋಯಿತು.

ಇದೇ ಪ್ರದೇಶದ ಬೆಂಕಿಯ ಇತಿಹಾಸವನ್ನು ನರೇಂದ್ರನ್ ಕೋದಂಡಪಾಣಿ, ಮಾರ್ಕ್ ಕಾಕ್ರೇನ್ ಮತ್ತು ಸುಕುಮಾರ್ 2004ರಲ್ಲಿ ಪ್ರಕಟಿಸಿದರು. ಕಳೆದ ಶತಮಾನದ ಎರಡನೆಯ ದಶಕದ ಹೊತ್ತಿನ ದಾಖಲೆಗಳಲ್ಲಿ ಒಂದು ಜಾಗಕ್ಕೆ ಬೆಂಕಿ ಮರಳುತ್ತಿದ್ದದ್ದು ಸರಾಸರಿ 10 ವರ್ಷಕ್ಕೊಮ್ಮೆ. 1989ರಿಂದ 2002ರವರೆಗಿನ ಲೆಕ್ಕದಲ್ಲಿ ಅದು 3.3 ವರ್ಷ. ಮೇಲೆ ಹೇಳಿದ ತೊಗಟೆಯ ಲೆಕ್ಕಕ್ಕೆ ಇದನ್ನು ಕೂಡಿಸಿದರೆ ಅರ್ಥ ಸ್ಪಷ್ಟ. ಮೂರು ವರ್ಷಕ್ಕೆ ಮರಳುವ ಬೆಂಕಿ ದೊಡ್ಡ ಮರವನ್ನು ಮುಟ್ಟದೆಯೇ ಕಾಡಿನ ನಾಳೆಯನ್ನು ತಡೆಹಿಡಿಯಬಲ್ಲದು.

ಮಳೆಯ ಪರಿಣಾಮ ಇಷ್ಟು ನೇರವಾಗಿ ಕಾಣುವುದಿಲ್ಲ. ಮುದುಮಲೆಯ 19 ವರ್ಷಗಳ ಅಧ್ಯಯನ (2010) ಮಳೆ ಕಡಿಮೆಯಾದ ಎರಡು ಮೂರು ವರ್ಷಗಳ ಬಳಿಕ ಮರಗಳ ಸಾವು ಏರುವುದನ್ನು ತೋರಿಸಿತು. 2002ರಲ್ಲಿ ದೇಶದ ಮುಂಗಾರು ವಾಡಿಕೆಗಿಂತ 19 ಶೇಕಡಾ ಕಡಿಮೆಯಾಯಿತು. ಕರ್ನಾಟಕ ಆ ಹೊತ್ತಿಗೆ ಸಾಲುಬರದಲ್ಲಿತ್ತು. ಅಂಥ ಬರದ ಲೆಕ್ಕ ಕಾಡಿನಲ್ಲಿ ಚುಕ್ತಾ ಆಗುವುದು ಊರಿನವರು ಬರವನ್ನು ಮರೆತ ಮೇಲೆ. ಒಂದು ವರ್ಷದ ಸಮೀಕ್ಷೆಯಿಂದ ಕಾಡು ಬರವನ್ನು ತಾಳಿಕೊಂಡಿತು ಎಂದು ಬರೆಯುವ ವರದಿಗಳನ್ನು ಈ ಕಾರಣಕ್ಕೆ ನಾನು ನಂಬಲಾರೆ.

ಇಷ್ಟನ್ನೇ ಓದಿದರೆ ಬೆಂಕಿ ಬೇಡವೇ ಬೇಡ ಎನ್ನಿಸುತ್ತದೆ. ಮುದುಮಲೆಯಿಂದ ಈಶಾನ್ಯಕ್ಕಿರುವ ಬಿಳಿಗಿರಿರಂಗನ ಬೆಟ್ಟ ಈ ತೀರ್ಮಾನಕ್ಕೆ ತಡೆಯೊಡ್ಡುತ್ತದೆ. ಅಲ್ಲಿನ ಸೋಲಿಗರು ಹಿಂದೆ ಚಳಿ ಇಳಿಯುವ ಹೊತ್ತಿಗೆ, ಬೇಸಿಗೆಯ ಮೊದಲ ವಾರಗಳಲ್ಲೇ, ತರಗೆಲೆಗೆ ಬೆಂಕಿ ಹಾಕುತ್ತಿದ್ದರು. ಅದನ್ನು ಅವರು ತರಗು ಬೆಂಕಿ ಎನ್ನುತ್ತಾರೆ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಬೇಟೆ, ಬೇಸಾಯ, ಬೆಂಕಿ ಒಟ್ಟಿಗೇ ನಿಂತವು. ಆಮೇಲೆ ಕಾಡಿನ ಒಳಗೆ ಆದದ್ದನ್ನು ಸೋಲಿಗರ ಹಿರಿಯರು ಬಿಡಿಸಿ ಹೇಳುತ್ತಾರೆ: ಬೆಂಕಿ ನಿಂತ ಮೇಲೆ ಲಂಟಾನ ಏರಿತು, ನೆಲ್ಲಿಮರಗಳ ಮೇಲೆ ಬದನಿಕೆ ಹಬ್ಬಿತು (ಅವರ ಬಾಯಲ್ಲಿ ಅದು ಉಪ್ಪಿಲು), ಮೇವಿನ ಹುಲ್ಲು ಹೋಯಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಭರತ್ ಸುಂದರಂ, ಅಂಕಿಲಾ ಹಿರೇಮಠ ಮತ್ತು ಅವರ ಸಂಗಡಿಗರು ಈ ಮಾತುಗಳನ್ನು 2012ರಲ್ಲಿ ವಿದ್ವತ್ ಲೇಖನವಾಗಿ ದಾಖಲಿಸಿದರು. ಬೆಟ್ಟದುದ್ದಕ್ಕೂ ಹಾಕಿದ ಮಾದರಿ ಪಟ್ಟಿಗಳಲ್ಲಿ 1997ರಲ್ಲಿ ಲಂಟಾನ ಇದ್ದದ್ದು 41 ಶೇಕಡಾ ಕಡೆ. 2008ಕ್ಕೆ 81 ಶೇಕಡಾ.

ನೆಲ್ಲಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅಲ್ಲಿ ದೂರು ಬಹಳ ಕಾಲ ಸೋಲಿಗರ ಮೇಲಿತ್ತು. ಕಾಯಿ ಕೊಯ್ಯುವುದರಿಂದ ಬೀಜ ನೆಲಕ್ಕೆ ಬೀಳುತ್ತಿಲ್ಲ, ಅದಕ್ಕೇ ಸಸಿಗಳಿಲ್ಲ ಎಂಬ ತರ್ಕ ಕೇಳಲು ಸರಿಯೆನಿಸುತ್ತದೆ. ತಮಾರಾ ಟಿಕ್ಟಿನ್, ಆರ್. ಗಣೇಶನ್, ಎಂ. ಪರಮೇಶ, ಸಿದ್ದಪ್ಪ ಸೆಟ್ಟಿ ಬೆಟ್ಟದ ಎರಡು ಜಾತಿಯ ನೆಲ್ಲಿಮರಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ 2012ರಲ್ಲಿ ಹೇಳಿದ್ದು ಬೇರೆ: ಮರಗಳ ಸಂಖ್ಯೆ ಇಳಿಯುತ್ತಿರುವುದು ನಿಜ, ಆದರೆ ಕಾಯಿ ಕೊಯ್ಲಿನ ಪಾಲು ಅದರಲ್ಲಿ ಸಣ್ಣದು, ಲಂಟಾನ, ಬದನಿಕೆಗಳ ಪಾಲು ದೊಡ್ಡದು. ಕಾಡಿನಲ್ಲಿ ನೆಲ್ಲಿಬೀಜದ ಪಯಣ ಜಿಂಕೆಯ ಹೊಟ್ಟೆಯ ಮೂಲಕ ಸಾಗುತ್ತದೆ. ಜಿಂಕೆ ಕಾಯಿ ನುಂಗಿ, ನೆರಳಿನಲ್ಲಿ ಮಲಗಿ ಮೆಲುಕು ಹಾಕುವಾಗ ಗಟ್ಟಿ ಒರಟೆಯನ್ನು ಉಗುಳುತ್ತದೆ. ಆ ಒರಟೆ ಬಿಸಿಲಿಗೆ ಒಡೆದು ಬೀಜ ಚೆಲ್ಲಿದ ಜಾಗ ಲಂಟಾನದ ಮೆಳೆಯ ಅಡಿಯಾದರೆ ಮೊಳಕೆಗೆ ಬೆಳಕಿಲ್ಲ. ಬಿಸಿಲು ಬೇಡುವ ಗಿಡ ಅದು. ಕಿರು ಅರಣ್ಯೋತ್ಪನ್ನ ಸಂಗ್ರಹದ ಮೇಲೆ ನಿರ್ಬಂಧ ಬಿದ್ದಾಗ ನಷ್ಟವಾದದ್ದು ಸೋಲಿಗರ ಮನೆಗಳಿಗೆ. ನೆಲ್ಲಿ ಸಸಿಯ ಮುಖ್ಯ ಅಡ್ಡಿ ಹಾಗೆಯೇ ಉಳಿಯಿತು.

ಹಾಗಾದರೆ ಮುದುಮಲೆಯ ಲೆಕ್ಕ ಸರಿಯೋ, ಸೋಲಿಗರ ಮಾತು ಸರಿಯೋ? ಎರಡೂ ಸರಿ ಎಂಬುದು ನನ್ನ ಓದು, ಏಕೆಂದರೆ ಅವರು ಮಾತಾಡುತ್ತಿರುವುದು ಒಂದೇ ಬೆಂಕಿಯ ಬಗ್ಗೆ ಅಲ್ಲ. ಜನವರಿ ಕೊನೆಯಲ್ಲಿ ನೆಲದ ಪಸೆ ಪೂರ್ತಿ ಆರಿರುವುದಿಲ್ಲ, ರಾತ್ರಿ ಮಂಜು ಬೀಳುತ್ತದೆ, ಹುಲ್ಲಿನ ಬುಡ ಇನ್ನೂ ಹಸಿ. ಆಗ ಹಚ್ಚಿದ ಬೆಂಕಿ ಮೊಣಕಾಲಿನ ಕೆಳಗೇ ಹರಿದು, ತೊರೆಯ ಪಕ್ಕದ ತಂಪಿನಲ್ಲಿ ತಾನೇ ನಂದುತ್ತದೆ. ಸುಟ್ಟ ತುಂಡು, ಸುಡದ ತುಂಡು ಬೆರೆತು ಉಳಿಯುತ್ತವೆ. ಸುಡದ ತುಂಡಿನಲ್ಲಿದ್ದ ಗಿಡಕ್ಕೆ ಆ ವರ್ಷ ಬಿಡುವು ಸಿಕ್ಕಿತು. ಮಾರ್ಚ್ ನಡುವಿನಲ್ಲಿ ಎಲೆ ಪೂರ್ತಿ ಉದುರಿರುತ್ತದೆ, ಗಾಳಿ ಬಿಸಿ. ಎರಡಾಳೆತ್ತರದ ಒಣ ಲಂಟಾನದ ಮೆಳೆಗೆ ತಗುಲಿದ ಕಿಡಿ ಜ್ವಾಲೆಯನ್ನು ಮರದ ಕೊಂಬೆಗಳವರೆಗೆ ಏರಿಸುತ್ತದೆ. ಆ ಬೆಂಕಿ ತುಂಡು ಬಿಡುವುದಿಲ್ಲ. ನಕಾಶೆಯಲ್ಲಿ ಎರಡನ್ನೂ ಒಂದೇ ಕೆಂಪು ಬಣ್ಣದಲ್ಲಿ ತುಂಬಿ ಇಷ್ಟು ಹೆಕ್ಟೇರ್ ನಾಶ ಎಂದು ಬರೆಯುವುದು ಎಳೆಗಿಡದ ಮಟ್ಟಿಗೆ ಏನನ್ನೂ ಹೇಳದ ಅಂಕಿ.

ಹವಾಮಾನ ಬದಲಾವಣೆ ಈ ಚಿತ್ರದೊಳಗೆ ಬರುವುದು ಇಲ್ಲಿ. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ತೇವ ಸುಮಾರು 7 ಶೇಕಡಾ ಹೆಚ್ಚುತ್ತದೆ. ಬೇಸಿಗೆಯ ಕಾಡಿನಲ್ಲಿ ಆ ತೇವ ಸಿಗದ ಕಾರಣ ಗಾಳಿ ತರಗೆಲೆಯಿಂದಲೂ ಚಿಗುರಿನಿಂದಲೂ ನೀರು ಹೀರುತ್ತದೆ. ಮಳೆಯ ಒಟ್ಟು ಮೊತ್ತ ಬದಲಾಗದಿದ್ದರೂ ಇಂಧನ ಬೇಗ ಒಣಗುತ್ತದೆ, ಅಂದರೆ ತಣ್ಣನೆಯ ಬೆಂಕಿಗೆ ಸಿಗುವ ವಾರಗಳು ಕಡಿಮೆಯಾಗುತ್ತವೆ. ಜನವರಿಯ ಬೆಂಕಿಯೂ ಮಾರ್ಚಿನ ಬೆಂಕಿಯಂತೆ ವರ್ತಿಸುವ ವರ್ಷಗಳು ಬಂದರೆ ಹಳೆಯ ತರಗು ಬೆಂಕಿಯನ್ನು ಹಾಗೆಹಾಗೆಯೇ ಮರಳಿ ತರುವುದು ಕಷ್ಟ. ಅದೂ ಲಂಟಾನ ತುಂಬಿದ ಕಾಡಿನಲ್ಲಿ. ಮೊದಲು ಮೆಳೆ ಕಡಿದು ತೆಗೆಯದೆ ಅಲ್ಲಿ ಬೆಂಕಿ ಹಾಕುವುದನ್ನು ನಾನು ಒಪ್ಪಲಾರೆ.

ಮಳೆಯ ಹಂಚಿಕೆಯೂ ಅಷ್ಟೇ ಮುಖ್ಯ. ಚಾಮರಾಜನಗರದ ಸೀಮೆಗೆ ಅಶ್ವಿನಿ, ಭರಣಿ ಮಳೆಗಳು ಚೆನ್ನಾಗಿಯೇ ಬರುತ್ತವೆ. ಮುಂಗಾರು ಅಲ್ಲಿ ಬಲಹೀನ, ಹಿಂಗಾರು ಮತ್ತೆ ಕೈಹಿಡಿಯುತ್ತದೆ. ಭರಣಿಗೆ ಮೊಳೆತ ಬೀಜದ ಬೇರು ಮುಂದಿನ ಒಣ ದಿನಗಳೊಳಗೆ ಪಸೆ ಇರುವ ಪದರ ಮುಟ್ಟಬೇಕು. ಆ ನಡುವಿನ ಬಿಡುವು ಉದ್ದವಾದರೆ ವರ್ಷದ ಮೊಳಕೆಗಳೆಲ್ಲ ಹೋಗುತ್ತವೆ, ಹಳೆಯ ಬೇರುಗಳು ಮಾತ್ರ ಚಿಗುರುತ್ತವೆ. ದೂರದಿಂದ ಕಾಡು ಹಸಿರೇ.

ಒಂದು ಸಂಗತಿ ಎದುರು ದಿಕ್ಕಿನಲ್ಲಿ ಎಳೆಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕೈಗಾರಿಕಾ ಯುಗಕ್ಕೆ ಮುಂಚೆ ದಶಲಕ್ಷಕ್ಕೆ ಸುಮಾರು 280 ಭಾಗ ಇದ್ದದ್ದು ಈಗ 420ನ್ನು ದಾಟಿದೆ. ಇಂಗಾಲ ಹೆಚ್ಚು ಸಿಕ್ಕರೆ ಬೇರಿನ ಪಿಷ್ಟ ಬೇಗ ತುಂಬುತ್ತದೆ, ಕುಡಿ ಬೇಗ ಎದ್ದು ಜ್ವಾಲೆಯ ಎತ್ತರ ದಾಟುತ್ತದೆ ಎಂದು ದಕ್ಷಿಣ ಆಫ್ರಿಕಾದ ಹುಲ್ಲುಗಾಡುಗಳನ್ನು ಕಂಡ ವಿಲಿಯಂ ಬಾಂಡ್ ಮತ್ತು ಗೈ ಮಿಡ್ಗ್ಲಿ 2000ದಲ್ಲಿ ವಾದಿಸಿದರು. ನಮ್ಮ ದಿಂಡಿಗ, ಹೊನ್ನೆಗಳಿಗೆ ಇದರ ಲಾಭ ಸಿಗಬಹುದು. ಅದೇ ಲಾಭ ಲಂಟಾನಕ್ಕೂ ಸಿಗುತ್ತದೆ, ಅದು ನೆಲ್ಲಿಗಿಂತ ಬೇಗ ಬೆಳೆಯುವ ಗಿಡ.

ಕಾಡಿನ ಪುನರುತ್ಪತ್ತಿಯ ಸಮೀಕ್ಷೆಯಲ್ಲಿ ಬದಲಾಗಬೇಕಾದದ್ದು ಇಷ್ಟು. ಸಸಿಗಳ ತಲೆಯೆಣಿಕೆಯ ಜತೆಗೆ ಬೇರಿನ ಕತ್ತಿನ ದಪ್ಪವನ್ನು ಕ್ಯಾಲಿಪರ್ ಹಿಡಿದು ಅಳೆಯಬೇಕು. ಎತ್ತರ ಕಡಿಮೆ, ಕತ್ತು ದಪ್ಪ ಇರುವ ಗಿಡಗಳು ಎಲ್ಲಿ ಹೆಚ್ಚೋ ಅಲ್ಲಿ ಬಿಡುವು ಸಿಕ್ಕಿಲ್ಲ ಎಂದರ್ಥ. ಪ್ರತಿ ಬೆಂಕಿಯ ದಾಖಲೆಯಲ್ಲಿ ವಿಸ್ತಾರದ ಪಕ್ಕ ತಿಂಗಳು, ಉರಿದದ್ದು ತರಗೋ ಹುಲ್ಲೋ ಲಂಟಾನವೋ ಎಂಬ ಕಾಲಂ, ಕಾಂಡಗಳ ಮೇಲೆ ಕಪ್ಪು ಏರಿದ ಎತ್ತರ ಇರಬೇಕು. ಬೀಟಿನ ಗಾರ್ಡು, ವಾಚರುಗಳು ಇವನ್ನು ಒಂದು ಟೇಪು ಹಿಡಿದು ಬರೆದುಕೊಳ್ಳಬಲ್ಲರು, ಅವರಲ್ಲಿ ಎಷ್ಟೋ ಮಂದಿ ಸೋಲಿಗರು ಮತ್ತು ಜೇನುಕುರುಬರೇ. ಎಲ್ಲಿ ಹೊಗೆ ಎದ್ದಿತು, ಯಾವ ಹಳ್ಳದಲ್ಲಿ ನಿಂತಿತು ಎಂಬುದು ಅವರಿಗೆ ಈಗಲೂ ಬಾಯಿಪಾಠವಾಗಿದೆ. ಬರೆದುಕೊಳ್ಳಲು ನಾವು ಕೊಟ್ಟ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ.