ಮಹಾನವಮಿಯ ಗುರುಕಾಣಿಕೆ

ವಿಜಯನಗರದ ಅರಸರು ಆಳುತ್ತಿದ್ದಾಗ ಮಹಾನವಮಿಯ ಒಂಬತ್ತು ದಿನಗಳೆಂದರೆ ನಾಡಿನ ನಾಯಕರೆಲ್ಲರೂ ರಾಜಧಾನಿಯಲ್ಲಿ ಬಂದು ನೆರೆದು, ತಂತಮ್ಮ ಸೀಮೆಯ ಹುಟ್ಟುವಳಿಯಿಂದ ದೊರೆಗೆ ಸಲ್ಲತಕ್ಕ ಹಣವನ್ನು ಒಪ್ಪಿಸುವ ಕಾಲವೂ ಆಗಿತ್ತೆಂದು ಹದಿನಾರನೆಯ ಶತಮಾನದ ಪೋರ್ಚುಗೀಸ್ ಕುದುರೆ ವರ್ತಕ ಫೆರ್ನಾವೊ ನೂನಿಜ್ ಬರೆದಿಟ್ಟಿದ್ದಾನೆ. ಆ ಅರಸೊತ್ತಿಗೆ ಅಳಿದು ಎಷ್ಟೋ ತಲೆಮಾರುಗಳು ಕಳೆದ ತರುವಾಯವೂ, ಆ ರಾಜಧಾನಿಯಿದ್ದ ಬಳ್ಳಾರಿ ಸೀಮೆಯಲ್ಲಿಯೂ ಅದರ ಸುತ್ತಣ ಕನ್ನಡ ನಾಡಿನಲ್ಲಿಯೂ, ಅದೇ ಒಂಬತ್ತು ದಿನಗಳಲ್ಲಿ ಊರಿನ ಮನೆಮನೆಯಿಂದ ಕಾಣಿಕೆ ಪಡೆಯುತ್ತಿದ್ದ ಒಬ್ಬ ಬಡ ಅಧಿಪತಿ ಉಳಿದುಕೊಂಡಿದ್ದನು. ಆತನ ರಾಜ್ಯ ಒಂದು ಜಗಲಿ. ಆತನ ಪ್ರಜೆಗಳು ಐದು ವರ್ಷಕ್ಕೆ ಮೇಲ್ಪಟ್ಟ ಹುಡುಗರು. ಆತನ ರಾಜದಂಡ ಹುಣಿಸೆಯ ಬರಲು. ಜನ ಆತನನ್ನು ಕೂಲಿಮಠದ ಐಗಳೆಂದು ಕರೆಯುತ್ತಿದ್ದರು. ಅರಸನ ಪದ್ಧತಿಯಿಂದ ಐಗಳ ಪದ್ಧತಿ ಹುಟ್ಟಿತೆಂದು ಸಾಧಿಸುವುದಕ್ಕೆ ನಾನು ಹೊರಟಿಲ್ಲ; ಮಳೆ ಹಿಂದೆಗೆದು, ಪೈರು ತೆನೆಗೆ ಬಂದು, ಕೊಡುವ ಕೈ ಸ್ವಲ್ಪ ಸಡಿಲವಾಗುವ ಹೊತ್ತು ಯಾವುದೆಂಬುದನ್ನು ದೊರೆಯೂ ಉಪಾಧ್ಯಾಯನೂ ಸಮಾನವಾಗಿ ಅರಿತಿದ್ದರೆಂಬಷ್ಟನ್ನು ಮಾತ್ರ ಹೇಳುತ್ತೇನೆ.

ಕೂಲಿಮಠಕ್ಕೆ ಸ್ವಂತ ಕಟ್ಟಡವಿರುತ್ತಿದ್ದುದು ಅಪರೂಪ. ದೇವಸ್ಥಾನದ ಪೌಳಿ, ಅನುಕೂಲಸ್ಥರ ಮನೆಯ ಪಡಸಾಲೆ, ಜಂಗಮರ ಮಠದ ಮೊಗಸಾಲೆ, ಎಲ್ಲಿ ಹತ್ತು ಹುಡುಗರು ಕಾಲು ಮಡಿಸಿ ಕುಳಿತುಕೊಳ್ಳುವಷ್ಟು ನೆರಳಿತ್ತೋ ಅಲ್ಲಿ ಮಠ ನಡೆಯುತ್ತಿತ್ತು. ಮರಳಿನ ಮೇಲೆ ಬೆರಳಿನಿಂದ ಓನಾಮ ತಿದ್ದಿ, ತರುವಾಯ ಹಲಗೆಯ ಮೇಲೂ, ಗಂಜಿ ಹಾಕಿ ಬಿರುಸು ಮಾಡಿ ಇದ್ದಲಿನ ಪುಡಿಯನ್ನೂ ಅಂಟನ್ನೂ ಬಳಿದು ಪುಸ್ತಕದಂತೆ ಮಡಿಸಿದ ಬಟ್ಟೆಯ ಕಡತದ ಮೇಲೂ ಬಳಪದಿಂದ ಬರೆದು, ಒದ್ದೆ ಅರಿವೆಯಿಂದ ಒರಸಿ ಮತ್ತೆ ಬರೆದು, ಕಾಲು ಅರೆ ಮುಕ್ಕಾಲಿನ ಮಗ್ಗಿಗಳನ್ನು ಬೀದಿಯ ತುದಿಗೆ ಕೇಳುವಂತೆ ಕೂಗಿ ಬಾಯಿಪಾಠ ಮಾಡಿ, ಶಕ್ತಿಯುಳ್ಳವರು ಅಮರಕೋಶಕ್ಕೂ ಜೈಮಿನಿ ಭಾರತಕ್ಕೂ ಬಸವಪುರಾಣಕ್ಕೂ ಏರುತ್ತಿದ್ದರು. ಹೊತ್ತಾರೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನ ಅಂಗೈಯಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲವೆಂಬುದಕ್ಕೆ ಒಂದು ಸೊನ್ನೆ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದವರಿಗೆಲ್ಲ ಒಂದೊಂದು ಹೆಚ್ಚಾಗಿ, ಹನ್ನೆರಡನೆಯವನಿಗೆ ಹತ್ತು. ಸೋಮಾರಿಯನ್ನು ಕೈಕಟ್ಟಿ ಜಂತೆಗೆ ನೇತುಹಾಕುವ ಕೋದಂಡವೂ ಉಂಟು. ಇಷ್ಟಾಗಿಯೂ ಐಗಳು ಒಬ್ಬರೇ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದುದರಿಂದ ಎರಡನೆಯ ಉಪಾಧ್ಯಾಯರು ಬೇಕಾಗಿರಲಿಲ್ಲ. ಈ ಏರ್ಪಾಡನ್ನು ಇಂಗ್ಲೆಂಡಿನವರು ಅನುಕರಿಸಿದುದು ಯೋಗ್ಯವೇ ಆಯಿತೆಂದು ಒಬ್ಬ ಇಂಗ್ಲಿಷ್ ಅಧಿಕಾರಿಯೇ ಮೆಚ್ಚಿ ಬರೆದಿದ್ದಾನೆ.

ಆ ಅಧಿಕಾರಿ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ವಿವರವನ್ನು ಜಿಲ್ಲೆಜಿಲ್ಲೆಯಿಂದ ತರಿಸಲು ಅಪ್ಪಣೆ ಮಾಡಿದಾಗ, ಎಷ್ಟೋ ಜನ ಅಂಕಿಗಳ ಪಟ್ಟಿಯನ್ನು ಕಳುಹಿಸಿ ಕೈತೊಳೆದುಕೊಂಡರೆ, ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿಯಲ್ಲಿ ಅಂಗೈಯ ಮೇಲಿನ ಆ ಸೊನ್ನೆಯನ್ನೂ ಬಿಡದೆ ದಾಖಲಿಸಿದ. ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಕಲಿಯುವವರು ಒಟ್ಟು 6,641. ಅಷ್ಟರಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಭಾಗಿಸಿ ನೋಡಿದರೆ ಮಠವೊಂದಕ್ಕೆ ಹನ್ನೆರಡು ಹದಿಮೂರು ಮಕ್ಕಳು. ಮನ್ರೋ 1826ರ ತನ್ನ ಟಿಪ್ಪಣಿಯಲ್ಲಿ ಹೇಳುವಂತೆ, ಹುಡುಗನೊಬ್ಬನಿಗೆ ತಿಂಗಳಿಗೆ ನಾಲ್ಕಾಣೆಯಿಂದ ಆರು ಅಥವಾ ಎಂಟಾಣೆಯವರೆಗೆ ಸಲ್ಲುತ್ತಿತ್ತು. ಉಪಾಧ್ಯಾಯರಿಗೆ ಸಾಮಾನ್ಯವಾಗಿ ತಿಂಗಳಿಗೆ ಆರೇಳು ರೂಪಾಯಿಗಿಂತ ಹೆಚ್ಚು ದೊರೆಯುತ್ತಿರಲಿಲ್ಲವೆಂದೂ, ಇಷ್ಟು ಆದಾಯಕ್ಕೆ ಯೋಗ್ಯರು ಈ ವೃತ್ತಿಗೆ ಬರಲಾರರೆಂದೂ ಆತನೇ ಬರೆದಿದ್ದಾನೆ. ಬಳ್ಳಾರಿಯ ಮಠಕ್ಕೆ ಈ ಲೆಕ್ಕವನ್ನು ಹಚ್ಚಿದರೆ ಹನ್ನೆರಡು ಹುಡುಗರಿಂದ ಮೂರು ರೂಪಾಯಿ, ಎಲ್ಲರೂ ಅನುಕೂಲಸ್ಥರಾದರೆ ಆರು. ಎಲ್ಲರೂ ಎಂದೂ ಅನುಕೂಲಸ್ಥರಾಗಿರಲಿಲ್ಲ. ಯೂರೋಪಿನ ಬಟ್ಟೆ ಬಂದು ನೇಕಾರರ ಕೆಲಸ ಕೆಟ್ಟು, ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿ ದೇಶದ ಹಣ ಹೊರಕ್ಕೆ ಹರಿದು, ಜನರಲ್ಲಿ ಮಗನನ್ನು ಓದಿಸುವ ಶಕ್ತಿಯೇ ಕುಗ್ಗಿದೆಯೆಂದೂ, ಹಿಂದೆ ಶಾಲೆಯಿದ್ದ ಎಷ್ಟೋ ಗ್ರಾಮಗಳಲ್ಲಿ ಈಗ ಶಾಲೆಯೇ ಇಲ್ಲವೆಂದೂ ಕ್ಯಾಂಬೆಲನೇ ತನ್ನ ಮೇಲಧಿಕಾರಿಗಳಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದ. ಕಂಪನಿಯ ಸಂಬಳ ತಿನ್ನುತ್ತಿದ್ದವನ ಬಾಯಲ್ಲಿ ಈ ಮಾತು ಬಂದುದು ಸಾಮಾನ್ಯ ಸಂಗತಿಯಲ್ಲ.

ಆದುದರಿಂದ ತಿಂಗಳ ಕೂಲಿಯೊಂದರಿಂದಲೇ ಐಗಳ ಒಲೆ ಉರಿಯುತ್ತಿತ್ತೆಂದು ಭಾವಿಸಬಾರದು. ಕಾಳುಕಡ್ಡಿ, ತರಕಾರಿ, ಬೆರಣಿ, ಹಬ್ಬದ ದಿನ ಎಲೆಯಡಕೆಯೊಡನೆ ಒಂದು ಕಾಸು, ಹೀಗೆ ಅವರವರ ಮನೆಯಲ್ಲಿ ಇದ್ದುದು ಮಠಕ್ಕೆ ಬರುತ್ತಿತ್ತು. ಮಗುವಿಗೆ ಐದು ತುಂಬಿದಾಗ ಐಗಳನ್ನೂ ಅವರ ಹುಡುಗರೆಲ್ಲರನ್ನೂ ಮನೆಗೆ ಕರೆಸಿ, ಗಣಪತಿಯ ಸುತ್ತ ಕುಳ್ಳಿರಿಸಿ, ಧೂಪ ನೈವೇದ್ಯಗಳಾದ ಮೇಲೆ ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಸುವ ಶಾಸ್ತ್ರವಿತ್ತು. ಆ ದಿನ ತಂದೆತಾಯಿಗಳು ಯಥಾಶಕ್ತಿ ಉಡುಗೊರೆ ಕೊಟ್ಟು ಗುರುವನ್ನು ಬೀಳ್ಕೊಡುತ್ತಿದ್ದರು. ಆದರೆ ಇವೆಲ್ಲ ಒಂದೊಂದು ಮನೆಯ ವ್ಯವಹಾರ. ಊರಿಗೆ ಊರೇ ಸೇರಿ ಗುರುವಿಗೆ ಕೊಡುವ ಸಂದರ್ಭ ವರ್ಷಕ್ಕೆ ಒಂದೇ ಒಂದು, ಅದು ಮಹಾನವಮಿ.

ಬಯಲುಸೀಮೆಯಲ್ಲಿ ಇದನ್ನು ಮಾರ್ನಮಿಯ ಚೌಪದವೆನ್ನುತ್ತಿದ್ದರು. ಪಾಠ ಕೆಲವು ದಿನ ನಿಲ್ಲುತ್ತಿತ್ತು. ಹುಡುಗರು ಮೈತೊಳೆದು, ಇದ್ದುದರಲ್ಲಿ ಒಳ್ಳೆಯ ಬಟ್ಟೆಯುಟ್ಟು, ಐಗಳನ್ನು ಮುಂದಿಟ್ಟುಕೊಂಡು ಓಣಿ ಓಣಿ ತಿರುಗಿ, ಪ್ರತಿಯೊಂದು ಮನೆಯ ಮುಂದೆಯೂ ನಾಲ್ಕು ನಾಲ್ಕು ಸಾಲಿನ ಪದ್ಯಗಳನ್ನು ಒಕ್ಕೊರಲಿನಿಂದ ಹೇಳುತ್ತಿದ್ದರು. ಮನೆಯವರು ಕೊಟ್ಟುದು ಐಗಳ ಜೋಳಿಗೆಗೆ. ನೆರೆಯ ತೆಲುಗು ನಾಡಿನಲ್ಲಿ ಇದೇ ಪದ್ಧತಿಗೆ ಇನ್ನಷ್ಟು ಸೊಗಸಿತ್ತು: ಅಲ್ಲಿಯ ಹುಡುಗರು ಬಣ್ಣದ ಬಿಲ್ಲುಬಾಣಗಳನ್ನು ಹಿಡಿದು ಬಂದು, ಉಪಾಧ್ಯಾಯರಿಗೆ ಹಣವನ್ನೂ ತಮಗೆ ಬೇಳೆಬೆಲ್ಲವನ್ನೂ ಹಾಡಿನಲ್ಲಿಯೇ ಬೇರೆ ಬೇರೆಯಾಗಿ ಕೇಳಿಕೊಳ್ಳುತ್ತಿದ್ದರು. ತಿರುಗಿ ತಿರುಗಿ ಕಾಲು ನೋಯಿಸಿಕೊಂಡ ಹುಡುಗರ ಬಾಯಿಗೂ ಏನಾದರೂ ಬೀಳಬೇಕೆಂಬ ಈ ನ್ಯಾಯಬುದ್ಧಿ ನನಗೆ ಬಹಳ ಹಿಡಿಸಿದೆ.

ಕರಾವಳಿಯಲ್ಲಿ ಈ ಪದ್ಧತಿಯು ಕಲೆಯಾಗಿಯೇ ಬೆಳೆಯಿತು. ಉಡುಪಿ, ಕೋಟ, ಕುಂದಾಪುರದ ಸೀಮೆಗಳ ಹೂವಿನಕೋಲು ಅದು. ಆ ಕಡೆಯ ಐಗಳಲ್ಲಿ ಅನೇಕರು ಯಕ್ಷಗಾನವನ್ನು ಬಲ್ಲವರು. ಮೇಳಗಳು ತಿರುಗಾಟಕ್ಕೆ ಹೊರಡುವುದು ದೀಪಾವಳಿಯ ಆಚೆ. ನವರಾತ್ರಿಯ ಹೊತ್ತಿಗೆ ಜಡಿಮಳೆ ತಗ್ಗಿ, ಗದ್ದೆಯ ಅಂಚಿನ ಮೇಲೆ ನಡೆಯಲು ಬರುವಂತಾಗಿ, ಮೊದಲ ಬೆಳೆಯ ಹೊಸ ಅಕ್ಕಿಯೂ ಮನೆ ಸೇರುವ ಕಾಲ. ಐಗಳು ತಮ್ಮ ಮಠದಲ್ಲಿ ಕಂಠವೂ ಮಾತೂ ಚೆನ್ನಾಗಿದ್ದ ಹುಡುಗರನ್ನು ಆರಿಸಿ, ಒಂದೆರಡು ಪ್ರಸಂಗಗಳ ತುಣುಕುಗಳನ್ನು ಅರ್ಥಸಹಿತವಾಗಿ ಕಲಿಸಿ, ತಾವೇ ಭಾಗವತರಾಗಿ ತಾಳ ಹಿಡಿದು, ಮದ್ದಳೆಯವನೊಬ್ಬನನ್ನೂ ಶ್ರುತಿಯವನೊಬ್ಬನನ್ನೂ ಜೊತೆಮಾಡಿಕೊಂಡು ಹೊರಡುತ್ತಿದ್ದರು. ಹುಡುಗರ ಕೈಯಲ್ಲಿ ಹೂವಿನಿಂದ ಸಿಂಗರಿಸಿದ ಕೋಲು. ಮನೆಯ ಚಾವಡಿಗೆ ಬಂದೊಡನೆ, ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಇದಿರುಬದಿರಾಗಿ ಕುಳಿತು, ಮನೆಗೂ ಮನೆಯವರಿಗೂ ತೆಂಗಿಗೂ ಕರುವಿಗೂ ಒಳ್ಳೆಯದಾಗಲೆಂದು ಹರಸುವ ಪದ್ಯಗಳನ್ನು ಮೊದಲು ಹೇಳಿ, ಆಮೇಲೆ ಪ್ರಸಂಗಕ್ಕೆ ತೊಡಗುವುದು. ಹತ್ತು ವರ್ಷದ ಅರ್ಜುನನು ಹನ್ನೊಂದು ವರ್ಷದ ಬಭ್ರುವಾಹನನನ್ನು ಗದರಿಸುತ್ತಿರುವಾಗ ಮನೆಯಾಕೆ ಗೆರಸೆಯಲ್ಲಿ ಅಕ್ಕಿ, ಅದರ ಮೇಲೊಂದು ತೆಂಗಿನಕಾಯಿ, ವೀಳ್ಯದೆಲೆ, ಕೈಯಲ್ಲಿದ್ದರೆ ಒಂದು ಪಾವಲಿ ಇಟ್ಟು ತಂದು ಮುಂದಿರಿಸುವಳು. ಎರಡು ಮೂರು ಪದ್ಯಗಳಲ್ಲಿ ಯುದ್ಧ ಮುಗಿದು ಮಂಗಳವಾಗಿ ತಂಡ ಮುಂದಿನ ಮನೆಗೆ.

ಇಲ್ಲಿ ನಾವು ಗಮನಿಸತಕ್ಕದ್ದೊಂದುಂಟು. ಗುರುವಿಗೆ ಏನು ಕೊಡಬೇಕು, ಎಷ್ಟು ಕೊಟ್ಟರೆ ಕಡಿಮೆಯಾದೀತು, ಪಕ್ಕದ ಮನೆಯವರು ಏನು ಕೊಟ್ಟಾರು ಎಂಬ ತಳಮಳವೇ ಆ ಮನೆಯಾಕೆಗೆ ಇರಲಿಲ್ಲ. ಸಾಮಗ್ರಿ ಗೊತ್ತಾದುದು, ದಿನ ಗೊತ್ತಾದುದು. ಒಬ್ಬಳ ಅಕ್ಕಿ ಇನ್ನೊಬ್ಬಳ ಅಕ್ಕಿಯೊಡನೆ ಒಂದೇ ಚೀಲದಲ್ಲಿ ಸೇರಿಹೋಗುತ್ತಿದ್ದುದರಿಂದ ಎರಡು ಸೇರು ಕೊಟ್ಟವಳ ಗರ್ವಕ್ಕೂ ಅರೆ ಸೇರು ಕೊಟ್ಟವಳ ಸಂಕೋಚಕ್ಕೂ ಸಂಜೆಯ ಹೊತ್ತಿಗೆ ಗುರುತು ಉಳಿಯುತ್ತಿರಲಿಲ್ಲ. ಮಕ್ಕಳಿಲ್ಲದ ಮನೆಯೂ ಕೊಡುತ್ತಿತ್ತು. ಐಗಳಿಗೂ ಕೈಯೊಡ್ಡಿದೆನೆಂಬ ಲಜ್ಜೆಯಿಲ್ಲ, ಏಕೆಂದರೆ ತಮ್ಮ ಒಂದು ವರ್ಷದ ದುಡಿಮೆಯನ್ನು ಆ ಹುಡುಗರ ಬಾಯಿಂದಲೇ ಊರ ಮುಂದೆ ಒಪ್ಪಿಸಿದ ಮೇಲೆ ಪಡೆದ ಸಂಭಾವನೆ ಅದು. ಪರೀಕ್ಷೆಯೂ ಅದೇ, ವಾರ್ಷಿಕೋತ್ಸವವೂ ಅದೇ.

ಹಾಗೆಂದು ಹಳೆಯದನ್ನು ಚಿನ್ನವೆಂದು ಮುದ್ದಿಸಬೇಕಾಗಿಲ್ಲ. ಅಸ್ಪೃಶ್ಯರೆಂದು ಊರ ಹೊರಗೆ ಇರಿಸಿದ್ದವರ ಮಕ್ಕಳಿಗೆ ಸಾಮಾನ್ಯವಾಗಿ ಈ ಮಠಗಳ ಬಾಗಿಲು ತೆರೆಯುತ್ತಿರಲಿಲ್ಲ; ಹೂವಿನಕೋಲು ಆ ಕೇರಿಗಳ ಹಾದಿಯನ್ನು ತುಳಿಯುತ್ತಿರಲೂ ಇಲ್ಲ. ಬರಲು ಹಿಡಿದ ಕೈಗೇ ಕಾಣಿಕೆಯನ್ನೂ ಕೊಡಬೇಕಾದಾಗ ಕೊಡುವವನ ಮನಸ್ಸಿನಲ್ಲಿ ಭಕ್ತಿ ಎಷ್ಟು, ಮಗನ ಬೆನ್ನಿನ ಚಿಂತೆ ಎಷ್ಟು ಎಂದು ತೂಗಿ ಹೇಳುವವರು ಯಾರು? ವರ್ಷವೆಲ್ಲ ಅರೆಹೊಟ್ಟೆಯಲ್ಲಿರಿಸಿ ಒಂಬತ್ತು ದಿನ ಚೀಲ ತುಂಬಿಸುವುದು ಊರಿನ ಔದಾರ್ಯವೆಂದು ಕೊಂಡಾಡುವ ಮುನ್ನ, ಆರೇಳು ರೂಪಾಯಿಯ ಲೆಕ್ಕವನ್ನೂ ನೆನೆಯುವುದು ಒಳ್ಳೆಯದು.

ಸಂಬಳ ಗೊತ್ತಾದ ಮೇಲೆ ಈ ಪದ್ಧತಿ ಸಡಿಲವಾಯಿತು. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ 1868ರಿಂದ ಹೋಬಳಿ ಶಾಲೆಗಳು ಏರ್ಪಟ್ಟುವು. ಮುಂಬಯಿ ಕರ್ನಾಟಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರ ಶ್ರಮದಿಂದ ಕನ್ನಡ ಶಾಲೆಗಳು ಹಬ್ಬಿದುವು. ಐಗಳ ಸ್ಥಾನದಲ್ಲಿ ಮಾಸ್ತರರು ಬಂದರು. ಅವರಿಗೆ ರಿಜಿಸ್ಟರು, ಇನ್‌ಸ್ಪೆಕ್ಟರ ಭೇಟಿ, ವರ್ಗಾವಣೆ. ಸರಕಾರದ ನೌಕರನು ಹುಡುಗರನ್ನು ಕಟ್ಟಿಕೊಂಡು ಮನೆಮನೆ ತಿರುಗುವುದು ಶೋಭಿಸುವುದಿಲ್ಲವಷ್ಟೆ. ಕರಾವಳಿಯಲ್ಲಿ ಮಾತ್ರ ಹೂವಿನಕೋಲು ಮಠವನ್ನು ಬಿಟ್ಟು ಯಕ್ಷಗಾನವನ್ನು ಆಶ್ರಯಿಸಿ ಬದುಕಿತು. ಇಂದಿಗೂ ನವರಾತ್ರಿಯಲ್ಲಿ ಅಲ್ಲಲ್ಲಿ ಮಕ್ಕಳ ತಂಡಗಳು ಹೊರಡುತ್ತವೆ.

ಇತ್ತ ಚಿಕ್ಕ ಮಕ್ಕಳ ಪಾಲನೆ ಬೇರೊಂದು ರೂಪವನ್ನು ತಳೆಯಿತು. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಕ್ಯಾಂಬೆಲನ ಪಟ್ಟಿಯಲ್ಲಿ ಕಲಿಯುವ ಹೆಣ್ಣುಮಕ್ಕಳು ಅರುವತ್ತು ಮಂದಿಯಾದರೆ, ಈ ಯೋಜನೆಯ ಅಂಗನವಾಡಿಯಲ್ಲಿ ಕಲಿಸುವವರೂ ಉಣಿಸುವವರೂ ಎಲ್ಲರೂ ಹೆಂಗಸರೇ. ಅವರಿಗೆ ದೊರೆಯುವುದನ್ನು ಸಂಬಳವೆನ್ನದೆ ಗೌರವಧನವೆನ್ನುತ್ತಾರೆ. ತಂದೆತಾಯಿಗಳಿಬ್ಬರೂ ದುಡಿಯಲು ಹೋಗುವ ಬೆಂಗಳೂರಿನಂಥ ನಗರಗಳಲ್ಲಿ ಡೇಕೇರುಗಳು ಎದ್ದುವು. ಅಲ್ಲಿ ಮಗುವೊಂದು ದಿನದಲ್ಲಿ ಎಷ್ಟು ಕೈಗಳನ್ನು ದಾಟುತ್ತದೆ! ಹಾಡು ಹೇಳಿಸುವ ಟೀಚರೊಬ್ಬರು, ಬಣ್ಣ ಬಳಿಸುವವರೊಬ್ಬರು, ಅನ್ನ ತಿನ್ನಿಸಿ ಮಲಗಿಸುವ ಆಯಾ, ಸಂಜೆಯ ಸರದಿಯವರು, ಅಡುಗೆಯಾಕೆ, ವ್ಯಾನಿನ ಅಕ್ಕ. ಹಿಂದೆ ಹಲವು ಮನೆಗಳು ಒಬ್ಬ ಗುರುವಿಗೆ ಕೊಡುತ್ತಿದ್ದರೆ, ಈಗ ಒಂದು ಮನೆ ಹಲವರಿಗೆ ಕೊಡಬೇಕು. ದಸರೆಯ ಹೊಸ್ತಿಲಲ್ಲಿ ತಾಯಿಯೊಬ್ಬಳು ಸ್ಟೀಲ್ ಡಬ್ಬಿಯೇ, ರವಿಕೆ ಕಣವೇ, ಒಣಹಣ್ಣಿನ ಪೊಟ್ಟಣವೇ ಎಂದು ಎಣಿಸಿ, ಏಳೆಂಟು ಜನರಿಂದ ಗುಣಿಸಿ, ಬೆಲೆ ನೋಡಿ ಹಿಂದೆ ಸರಿಯುವುದರಲ್ಲಿ ಜಿಪುಣತನವೇನೂ ಇಲ್ಲ, ಗಣಿತವೇ ಹಾಗಿದೆ.

ಕೆಲವು ಕಡೆ ತಾಯಂದಿರು ಒಟ್ಟುಗೂಡಿ, ತಲೆಗಿಷ್ಟೆಂದು ಗೊತ್ತು ಮಾಡದೆ, ಕೊಡುವವರು ಕೊಟ್ಟಷ್ಟನ್ನು ಒಬ್ಬರ ಬಳಿ ಸೇರಿಸಿ, ಕೊಟ್ಟವರ ಪಟ್ಟಿಯನ್ನು ಯಾರಿಗೂ ತೋರಿಸದೆ, ಎಲ್ಲರಿಗೂ ಹಂಚುವ ರೂಢಿ ಬಂದಿದೆ. ಐಗಳ ಅಕ್ಕಿಯ ಚೀಲದ ನ್ಯಾಯವೇ ಇದು, ಆ ತಾಯಂದಿರಿಗೆ ಅದು ತಿಳಿದಿರಲಿ, ಇಲ್ಲದಿರಲಿ. ಒಂದೇ ಒಂದು ಜಗಳ ಉಳಿಯುತ್ತದೆ: ಟೀಚರಿಗೂ ಆಯಾಗೂ ಸಮಪಾಲೇ? ಸಮಪಾಲೆಂಬುದೇ ನನ್ನ ಪಕ್ಷ. ಅಸಮವಾಗಲೇಬೇಕೆಂದರೆ ಆಯಾಳ ಪಾಲೇ ದೊಡ್ಡದಿರಲಿ, ಏಕೆಂದರೆ ಸಂಬಳದಲ್ಲಿ ಅವಳದು ಸಣ್ಣದು. ಮತ್ತೆ, ವಸ್ತುವಿಗಿಂತ ಹಣವೇ ಲೇಸು. ಏಳನೆಯ ಸ್ಟೀಲ್ ಡಬ್ಬಿಯನ್ನು ಇಟ್ಟುಕೊಳ್ಳುವುದಕ್ಕೆ ಅವಳ ಮನೆಯಲ್ಲಿ ಅಟ್ಟಣಿಗೆಯಿಲ್ಲ. ಅದೂ ಆಯುಧಪೂಜೆಗೆ ನಾಲ್ಕು ದಿನ ಮೊದಲೇ ಕೈಸೇರಬೇಕು. ಹಬ್ಬದ ಮುನ್ನಾದಿನ ಊರಿನ ಬಸ್ಸು ಹತ್ತುವವಳಿಗೆ, ಟಿಕೇಟಿಗೂ ಮಕ್ಕಳ ಬಟ್ಟೆಗೂ ದುಡ್ಡು ಬೇಕಾಗಿರುವುದು ಆಗಲೇ.