ಕಲ್ಲಿದ್ದಲು, ಕರಾರು, ಕಂಬಿ: ಸಿಂಗರೇಣಿ ಗಣಿಗಳು ಮತ್ತು ಹೈದರಾಬಾದ್ ಸಂಸ್ಥಾನದ ಆರ್ಥಿಕತೆ

ಗೋದಾವರಿ ಕಣಿವೆಯ ಯಲ್ಲಂದು ಬಳಿ ಕಲ್ಲಿದ್ದಲು ಇದೆಯೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಗುರುತಿಸಿದ್ದು 1871ರಲ್ಲಿ. ಸಿಂಗರೇಣಿ ಗಣಿಗಳ ಇತಿಹಾಸವನ್ನು ಸಾಮಾನ್ಯವಾಗಿ ಈ ಇಸವಿಯಿಂದಲೇ ಶುರುಮಾಡುವುದು ರೂಢಿ. ನನ್ನ ಲೆಕ್ಕದಲ್ಲಿ ಅದಕ್ಕಿಂತ ತೂಕದ ಇಸವಿಗಳು ಎರಡಿವೆ: ಹೈದರಾಬಾದ್ ಸರ್ಕಾರ ರೈಲ್ವೆಯನ್ನು ಕೊಂಡುಕೊಂಡ 1930 ಮತ್ತು ಗಣಿ ಕಂಪನಿಯ ಬಹುಪಾಲು ಷೇರುಗಳನ್ನು ಕೊಂಡ 1945. ಇದ್ದಲು ಸಿಕ್ಕಿದ್ದಕ್ಕೂ ಅದರ ಲಾಭ ಸಂಸ್ಥಾನದ ಕೈಗೆ ಬಂದದ್ದಕ್ಕೂ ನಡುವೆ ಮುಕ್ಕಾಲು ಶತಮಾನ ಕಳೆಯಿತು. ಯಾಕೆ ಅಷ್ಟು ತಡವಾಯಿತು ಎನ್ನುವುದೇ ಇಲ್ಲಿನ ಪ್ರಶ್ನೆ. ಬೀದರ್, ಕಲಬುರಗಿ, ರಾಯಚೂರು ಅಂದು ಇದೇ ಸಂಸ್ಥಾನದ ಜಿಲ್ಲೆಗಳಾಗಿದ್ದರಿಂದ ಉತ್ತರದಲ್ಲಿ ಕನ್ನಡ ನಾಡಿನ ಪಾಲೂ ಇದೆ.

ಮೊದಲು ಬಂದದ್ದು ಕಂಬಿ. ಮುಂಬೈ–ಮದ್ರಾಸ್ ಮಾರ್ಗದ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡಿತು. ಹಣದ ಹೊರೆ ಹೆಚ್ಚಾಗಿ ನಿಜಾಮರ ಖಜಾನೆಯದು. ಮಾರ್ಗ, ಗೇಜು, ಆಡಳಿತದ ಮಾತು ನಡೆದದ್ದು ಬ್ರಿಟಿಷರದು. ಮುಂದೆ ಈ ಮಾರ್ಗವನ್ನು ಪೂರ್ವಕ್ಕೂ ಚಾಂದಾ (ಇಂದಿನ ಚಂದ್ರಪುರ) ಕಡೆಗೂ ಬೆಳೆಸಲು ಲಂಡನ್ನಿನ ಬಂಡವಾಳಗಾರರ ಜೊತೆ ಒಪ್ಪಂದದ ಮಾತುಕತೆ ನಡೆಯಿತು. ಕಂಪನಿಗೆ ನಷ್ಟವಾದರೂ ಸರಿ, ಹೂಡಿದ ಹಣಕ್ಕೆ ಶೇ 5ರ ಬಡ್ಡಿಯನ್ನು 20 ವರ್ಷ ನಿಜಾಮ್ ಸರ್ಕಾರವೇ ತುಂಬಿಕೊಡಬೇಕು ಎಂಬುದು ಅದರ ತಿರುಳು.

1883ರಲ್ಲಿ ಹೈದರಾಬಾದಿನ ಓದುಬಲ್ಲ ಜನ ಇದರ ವಿರುದ್ಧ ಎದ್ದರು. ಒಪ್ಪಂದದ ಷರತ್ತುಗಳನ್ನು ಬಹಿರಂಗಪಡಿಸಿ, ಖಜಾನೆಗೆ ಬೀಳುವ ಹೊರೆ ಎಷ್ಟೆಂದು ಹೇಳಿ ಎಂದು ಕೇಳಿದವರಲ್ಲಿ ಮುಲ್ಲಾ ಅಬ್ದುಲ್ ಖಯ್ಯೂಮ್ ಮತ್ತು ಸರೋಜಿನಿ ನಾಯ್ಡು ಅವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯ ಪ್ರಮುಖರು. ಅಘೋರನಾಥರನ್ನು ಊರಿನಿಂದಲೇ ಗಡೀಪಾರು ಮಾಡಲಾಯಿತು. ಹೈದರಾಬಾದಿನ ಆಧುನಿಕ ಸಾರ್ವಜನಿಕ ಜೀವನದ ಮೊದಲ ಚಳವಳಿಗಳಲ್ಲಿ ಒಂದು ಹೀಗೆ ರೈಲ್ವೆ ಕರಾರಿನ ಸುತ್ತ ಹುಟ್ಟಿತು. ಧರ್ಮ, ಭಾಷೆಗಳ ಜಗಳಗಳಿಗೆ ಸಿಕ್ಕಷ್ಟು ಪುಟಗಳು ಈ ಪ್ರಸಂಗಕ್ಕೆ ಸಿಕ್ಕಿಲ್ಲ.

ಚಳವಳಿಗಾರರ ಅನುಮಾನ ಗಣಿಯ ವಿಷಯದಲ್ಲೂ ಸುಳ್ಳಾಗಲಿಲ್ಲ. 1886ರಲ್ಲಿ ಗಣಿಗಾರಿಕೆಯ ಹಕ್ಕನ್ನು 99 ವರ್ಷಗಳ ಕಾಲ ಲಂಡನ್ನಿನ ಪ್ರವರ್ತಕರಿಗೆ ಕೊಡಲಾಯಿತು. ಹೈದರಾಬಾದ್ (ಡೆಕ್ಕನ್) ಕಂಪನಿ ಹುಟ್ಟಿದ್ದು ಹೀಗೆ. ಪ್ರವರ್ತಕರು ಷೇರುಗಳ ಬಹುಪಾಲನ್ನು ಕಾಸು ಕಟ್ಟದೆಯೇ ‘ಪೂರ್ತಿ ಪಾವತಿಯಾದವು’ ಎಂದು ತಮ್ಮ ಹೆಸರಿಗೆ ಬರೆದುಕೊಂಡರು. ಆಮೇಲೆ ಅದೇ ಷೇರುಗಳಲ್ಲಿ ಒಂದಷ್ಟನ್ನು ನಿಜಾಮ್ ಸರ್ಕಾರವೇ ಮಾರುಕಟ್ಟೆ ಬೆಲೆ ತೆತ್ತು ಖರೀದಿಸಿತು. ಸರ್ಕಾರದ ಪರವಾಗಿ ವ್ಯವಹಾರ ಕುದುರಿಸಿದ ಅಧಿಕಾರಿ ಅಬ್ದುಲ್ ಹಕ್‌ಗೆ (ಸರ್ದಾರ್ ದಿಲೇರ್ ಜಂಗ್) ಅದರಲ್ಲಿ ಸ್ವಂತ ಲಾಭವೂ ಇತ್ತು. ತನ್ನದೇ ನೆಲದ ಇದ್ದಲಿಗೆ ಹೈದರಾಬಾದ್ ಹೀಗೆ ಕೈಯಿಂದ ದುಡ್ಡು ತೆತ್ತಿತು! 1888ರಲ್ಲಿ ಬ್ರಿಟಿಷ್ ಸಂಸತ್ತಿನ ಆಯ್ಕೆ ಸಮಿತಿ ವಿಚಾರಣೆ ನಡೆಸಿತು, ಸಂಸ್ಥಾನದ ಪರವಾಗಿ ಅಧಿಕಾರಿ ಮೆಹ್ದಿ ಅಲಿ ಲಂಡನ್ನಿಗೆ ಹೋದರು, ಅಬ್ದುಲ್ ಹಕ್ ಹುದ್ದೆ ಕಳೆದುಕೊಂಡರು. ಕಂಪನಿ ಮಾತ್ರ ಉಳಿಯಿತು.

1888ರಲ್ಲಿ ಡೋರ್ನಕಲ್‌ನಿಂದ ಯಲ್ಲಂದುವಿಗೆ ಕವಲು ಮಾರ್ಗ ಬಿತ್ತು. ಮರುವರ್ಷ ರೈಲು ಬೆಜವಾಡ (ಇಂದಿನ ವಿಜಯವಾಡ) ಮುಟ್ಟಿತು. ಅದೇ 1889ರಲ್ಲಿ ಸುಮಾರು 60 ಸಾವಿರ ಟನ್ ಇದ್ದಲು ಮೇಲೆ ಬಂತು. ಕೆಲಸದ ಬಗೆ ಹೀಗಿತ್ತು: ಇದ್ದಲಿನ ಪದರದೊಳಗೆ ಅಡ್ಡಉದ್ದ ಸುರಂಗ ಕೊರೆದು, ಮೇಲ್ಛಾವಣಿ ಕುಸಿಯದಂತೆ ನಡುನಡುವೆ ಇದ್ದಲಿನದೇ ಚೌಕ ಕಂಬಗಳನ್ನು ಬಿಡುವುದು, ಕೊನೆಗೆ, ಹಿಂದೆ ಸರಿಯುತ್ತ ಒಂದೊಂದೇ ಕಂಬವನ್ನು ಕಡಿದು ತೆಗೆಯುವುದು. ಹೆಚ್ಚು ಅಪಾಯ ಈ ಕೊನೆಯ ಹಂತದಲ್ಲೇ. ಮೇಲೆ ಬಂದ ಇದ್ದಲು ದಕ್ಷಿಣದ ರೈಲು ಎಂಜಿನ್‌ಗಳಿಗೂ ಗಿರಣಿಗಳಿಗೂ ಹೋಗುತ್ತಿತ್ತು. 1920ರಲ್ಲಿ ಸಿಂಗರೇಣಿ ಕಾಲರೀಸ್ ಕಂಪನಿ ಎಂದು ಹೆಸರು ಬದಲಾದಾಗಲೂ ಮಾರಾಟದ ಏಜೆನ್ಸಿ ಮದ್ರಾಸಿನ ಬೆಸ್ಟ್ ಅಂಡ್ ಕಂಪನಿಯದಾಗಿತ್ತು. ಗಣಿ ತೆಲಂಗಾಣದಲ್ಲಿ, ಷೇರುದಾರರು ಲಂಡನ್ನಿನಲ್ಲಿ, ಮಾರಾಟದ ಲೆಕ್ಕ ಮದ್ರಾಸಿನಲ್ಲಿ.

ಮೈಸೂರಿನ ಜೊತೆ ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಬ್ರಿಟಿಷ್ ಕಂಪನಿಗಳ ಕೋಲಾರದ ಚಿನ್ನದ ಗಣಿಗಳಿಗೇ. ಆದರೆ ವಿದ್ಯುದಾಗಾರ ಸರ್ಕಾರದ್ದು, ವಿದ್ಯುತ್ತಿನ ಬಿಲ್ಲೂ ಸರ್ಕಾರದ ಖಜಾನೆಗೆ ಬರುತ್ತಿತ್ತು. ಹೈದರಾಬಾದಿಗೆ ಆ ಅನುಕೂಲ ಸಿಗಲು 1930 ಬರಬೇಕಾಯಿತು.

ರೈಲ್ವೆ ಕೈಗೆ ಬಂದ ಮೇಲೆ ಚಿತ್ರ ಬೇಗ ಬದಲಾಯಿತು. 1932ರಲ್ಲಿ ರೈಲ್ವೆ ಇಲಾಖೆಯೇ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರುಮಾಡಿತು. 1929ರಲ್ಲಿ ಸ್ಥಾಪಿಸಿದ್ದ ಕೈಗಾರಿಕಾ ಟ್ರಸ್ಟ್ ನಿಧಿ ಗಿರಣಿ, ಕಾರ್ಖಾನೆಗಳಿಗೆ ಬಂಡವಾಳ ಒದಗಿಸಿತು. ವರಂಗಲ್ಲಿನ ಆಜಂ ಜಾಹಿ ಮಿಲ್, ಬೋಧನಿನ ನಿಜಾಮ್ ಸಕ್ಕರೆ ಕಾರ್ಖಾನೆ, ಸಿರ್ಪುರದ ಕಾಗದದ ಗಿರಣಿ ಎಲ್ಲವೂ ಆ ದಶಕದವು. ರಾಜಧಾನಿಯ ದೀಪಗಳಿಗೆ ಹುಸೇನ್ ಸಾಗರದ ದಂಡೆಯ ಉಷ್ಣ ವಿದ್ಯುತ್ ಸ್ಥಾವರವಿತ್ತು. ಗಣಿಯ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಉತ್ಸಾಹವಿಲ್ಲ. 1945ರಲ್ಲಿ ಸರ್ಕಾರ ಷೇರು ಕೊಂಡದ್ದು ನಿಜ. ಆದರೆ 1949ರವರೆಗೆ ನಿರ್ವಹಣೆ ನೋಡಿಕೊಂಡದ್ದು ಹೈದರಾಬಾದ್ ಕನ್‌ಸ್ಟ್ರಕ್ಷನ್ ಕಂಪನಿ, ಅಂದರೆ 1947ರಲ್ಲಿ ಪ್ರಧಾನಮಂತ್ರಿಯಾದ ಮೀರ್ ಲಾಯಕ್ ಅಲಿಯವರ ಸಂಸ್ಥೆ. ಲಂಡನ್ ಹೋಗಿ ಹೈದರಾಬಾದಿನ ಉಳ್ಳವರ ಬಂಜಾರಾ ಹಿಲ್ಸ್ ಬಂತು ಎನ್ನಬಹುದು.

ಕನ್ನಡ ಜಿಲ್ಲೆಗಳಿಗೆ ಏನು ಸಿಕ್ಕಿತು? ಕಲಬುರಗಿಯಲ್ಲಿ 1880ರ ದಶಕದ ಮೆಹಬೂಬ್ ಶಾಹಿ ಗಿರಣಿ, ವಾಡಿಯ ಪಕ್ಕದ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ. ಎರಡೂ ರೈಲು ಕಂಬಿಯ ಪಕ್ಕದಲ್ಲೇ ಇದ್ದವು. ಶಹಾಬಾದಿನಲ್ಲಿ ಸುಣ್ಣದಕಲ್ಲು ಕಾಲಡಿಯೇ ಇತ್ತು. ಗೂಡು ಉರಿಸುವ ಇದ್ದಲು ರೈಲಿನಲ್ಲೇ ಬರಬೇಕಿತ್ತು. ಹಾಗಾಗಿ ಕಂಬಿಯಿಂದ ದೂರವಿದ್ದ ತಾಲ್ಲೂಕುಗಳಿಗೆ ಇದರ ಬಿಸಿ ತಟ್ಟಲೇ ಇಲ್ಲ.

ಸಿಂಗರೇಣಿಯ ನಂಟು ಸಂಸ್ಥಾನದ ಕಾಲಕ್ಕೇ ಮುಗಿಯಲಿಲ್ಲ. 1985ರಲ್ಲಿ ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾಯಿತು. ಈಗ ಎಂಟು ಘಟಕಗಳು, 1,720 ಮೆಗಾವಾಟ್ ಸಾಮರ್ಥ್ಯ. ಸಿಂಗರೇಣಿ ಅದರ ಇದ್ದಲಿನ ದೊಡ್ಡ ಮೂಲಗಳಲ್ಲೊಂದು. ನೀರು, ಬೂದಿ, ಹೊಗೆ ಎಲ್ಲವೂ ರಾಯಚೂರಿನವು. ವಿದ್ಯುತ್ತು ರಾಜ್ಯದ ಜಾಲಕ್ಕೆ. 2002ರ ನಂಜುಂಡಪ್ಪ ಸಮಿತಿ ವರದಿ ಇದೇ ಜಿಲ್ಲೆಯ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು.

ಗಣಿ ಸೀಮೆಯಲ್ಲೂ ಏರಿಳಿತ ಕಡಿಮೆಯೇನಲ್ಲ. 1990ರ ಸುಮಾರಿಗೆ ಒಂದು ಲಕ್ಷ ದಾಟಿದ್ದ ಸಿಂಗರೇಣಿ ಕಾರ್ಮಿಕರು ಈಗ ಸುಮಾರು 40 ಸಾವಿರ. ಉತ್ಪಾದನೆ ಮಾತ್ರ 2023–24ರಲ್ಲಿ 7 ಕೋಟಿ ಟನ್ ಮುಟ್ಟಿತು. ನೆಲದಡಿಯ ಸುರಂಗಗಳ ಜಾಗವನ್ನು ಬಯಲು ಗಣಿಗಳೂ ಭಾರಿ ಯಂತ್ರಗಳೂ ಹಿಡಿದದ್ದರ ಫಲವಿದು. ಕಂಪನಿಯಲ್ಲಿ ಈಗ ತೆಲಂಗಾಣದ ಪಾಲು ಶೇ 51, ಕೇಂದ್ರದ್ದು 49.

ಇದ್ದಲಿನ ರಾಜಕೀಯ ಬಲ ಎಷ್ಟೆಂದು ಕರ್ನಾಟಕಕ್ಕೆ ತಿಳಿದದ್ದು 2011ರಲ್ಲಿ. ಪ್ರತ್ಯೇಕ ತೆಲಂಗಾಣಕ್ಕಾಗಿ ಸೆಪ್ಟೆಂಬರ್ 13ರಂದು ಸಕಲ ಜನರ ಮುಷ್ಕರ ಆರಂಭವಾದಾಗ ಸಿಂಗರೇಣಿ ಕಾರ್ಮಿಕರೂ ಗಣಿಗೆ ಇಳಿಯಲಿಲ್ಲ. ತಿಂಗಳು ತುಂಬುವ ಹೊತ್ತಿಗೆ ಶಕ್ತಿನಗರಕ್ಕೆ ಬರುವ ಇದ್ದಲು ರೈಲುಗಳು ಕಡಿಮೆಯಾಗಿದ್ದವು, ರಾಯಚೂರಿನ ಉತ್ಪಾದನೆ ಕುಸಿದಿತ್ತು, ಬೆಂಗಳೂರಿನಲ್ಲೂ ಲೋಡ್ ಶೆಡ್ಡಿಂಗ್ ಶುರುವಾಗಿತ್ತು.